ಮೂರನೆಯ ಕೈ

ನೀಲಾಂಬಿಕಾ ಅತ್ತೆಯ ಕೈ ಹಿಡಿದಳು. ಪರದೆಯ ಮೇಲಿನ ಅಂಕಿ ನಾಲ್ಕರಿಂದ ಏಳಕ್ಕೆ ಏರಿತು. ಕೈ ಬಿಟ್ಟಳು. ಅಂಕಿ ಮೆಲ್ಲಗೆ ಇಳಿದು ಮತ್ತೆ ನಾಲ್ಕಕ್ಕೆ ಬಂದು ನಿಂತಿತು. ತಾನೇ ತಪ್ಪು ನೋಡಿರಬೇಕೆಂದು ಇನ್ನೊಮ್ಮೆ ಹಿಡಿದಳು. ಐದು, ಆರು, ಏಳು.

ಇಪ್ಪತ್ತಾರು ವರ್ಷ ನರ್ಸ್ ಕೆಲಸ ಮಾಡಿದ ಹೆಂಗಸು ತನ್ನ ಕೈಯನ್ನು ತಾನೇ ಹಿಂದೆ ಮುಂದೆ ಹೊರಳಿಸಿ ನೋಡಿಕೊಂಡಳು, ಅದಕ್ಕೆ ಏನಾದರೂ ಮೆತ್ತಿಕೊಂಡಿದೆಯೇನೋ ಎಂಬಂತೆ.

"ಕೈ ತಣ್ಣಗ ಆಗ್ಯಾವೇನ್ರಿ ಅಕ್ಕಾರ?" ಎಂದಳು ರೇಷ್ಮಾ. ರೇಷ್ಮಾ ನದಾಫ್ ಆ ವಾರ್ಡಿಗೆ ಬಂದು ಎರಡು ವರ್ಷವಾಗಿತ್ತು. ನೀಲಾಂಬಿಕಾಳೇ ಅವಳಿಗೆ ಕೆಲಸ ಕಲಿಸಿದವಳು.

"ತಣ್ಣಗ ಯಾಕ ಇರ್ತಾವ? ಈಗಷ್ಟ ಚಾದ ಗ್ಲಾಸ್ ಹಿಡಕೊಂಡ ಬಂದೇನಿ."

"ಹಂಗಾರ ಮೂರನೇ ಕೈ ಹಾಕ್ಲೇನ್ರಿ?"

ನೀಲಾಂಬಿಕಾ ಸರಿದು ಜಾಗ ಬಿಟ್ಟಳು. ರೇಷ್ಮಾ ಮಂಚದ ತಲೆಬದಿಯ ಪೆಟ್ಟಿಗೆಯಿಂದ ಬೂದುಬಣ್ಣದ ಕೈಗವಸನ್ನು ತೆಗೆದಳು. ಅತ್ತೆ ಬಸಲಿಂಗವ್ವನ ಬಲಗೈಯನ್ನು ಎತ್ತಿ, ಮಲಗಿದ ಕೂಸಿಗೆ ಕುಲಾವಿ ಹಾಕುವಷ್ಟು ಜೋಪಾನವಾಗಿ ಅದರೊಳಗೆ ತೂರಿಸಿದಳು. ಗವಸು ಒಮ್ಮೆ ಉಸಿರೆಳೆದಂತೆ ಉಬ್ಬಿತು. ನಾಲ್ಕು, ಮೂರು, ಎರಡು. ಬಸಲಿಂಗವ್ವನ ಹುಬ್ಬಿನ ನಡುವಿನ ಗಂಟು ಸಡಿಲಿತು. ಮೂರು ದಿನದಿಂದ ಹಾಸಿಗೆಯನ್ನು ತಡವುತ್ತ, ಹೊದಿಕೆಯನ್ನು ಹಿಂಜುತ್ತ ಇದ್ದ ಕೈ ಸುಮ್ಮನಾಯಿತು.

"ಬ್ಯಾಸರ ಮಾಡ್ಕೋಬ್ಯಾಡ್ರಿ," ರೇಷ್ಮಾ ಸಮಾಧಾನ ಹೇಳಿದಳು, "ಅದೂ ನಿಮ್ಮ ಕೈಯಲ್ಲೇನ್ರಿ?"

ಅದೇ ತೊಡಕಾಗಿತ್ತು. ಅದೂ ಅವಳದೇ ಕೈ.

ಒಂಬತ್ತು ವರ್ಷದ ಹಿಂದೆ ಇದೇ ವಾರ್ಡಿನಲ್ಲಿ ಇಪ್ಪತ್ತೆರಡು ಮಂಚ, ಇಬ್ಬರು ನರ್ಸ್. ವಾಸಿಯಾಗುವ ಆಸೆ ಮುಗಿದವರನ್ನು ಮಲಗಿಸುವ ವಾರ್ಡು ಅದು. ಒಂದು ದಿನ ಬೆಳಗಿನ ಪಾಳಿಯಲ್ಲಿ ಮೂವರು ತೀರಿಕೊಂಡರು. ಆ ಮೂವರಲ್ಲಿ ಒಬ್ಬರ ಕೈಯನ್ನೂ ಹಿಡಿಯಲು ನೀಲಾಂಬಿಕಾಳಿಗೆ ಆಗಿರಲಿಲ್ಲ. ಒಬ್ಬರು ಹೋಗುವಾಗ ಅವಳು ಮೂರು ಹೆಜ್ಜೆ ದೂರದಲ್ಲಿ ನಿಂತು ರಿಜಿಸ್ಟರಿನಲ್ಲಿ ಇನ್ನೊಬ್ಬರ ಸಾವಿನ ಹೊತ್ತು ಬರೆಯುತ್ತಿದ್ದಳು. ಅವತ್ತು ಮನೆಗೆ ಹೋಗಿ ಅನ್ನದ ಮುಂದೆ ಕೂತು ಅತ್ತಿದ್ದಳು. ಮರುವಾರ, ಯಂತ್ರದ ಮಂದಿ ಬಂದು ನರ್ಸುಗಳ ಸ್ಪರ್ಶವನ್ನು ಮುದ್ರಿಸಿಕೊಳ್ಳುತ್ತೇವೆ, ಯಾರೂ ಇಲ್ಲದಾಗ ರೋಗಿಗೆ ಅದನ್ನೇ ಕೊಡುತ್ತೇವೆ ಎಂದಾಗ ಎಲ್ಲರಿಗಿಂತ ಮೊದಲು ಕೈ ಮುಂದೆ ಮಾಡಿದವಳು ಅವಳೇ. ಈರುಳ್ಳಿಯ ಸಿಪ್ಪೆಯಷ್ಟು ತೆಳುವಾದ ಗವಸು ತೊಡಿಸಿ ಹನ್ನೆರಡು ನರ್ಸುಗಳ ಕೈಯನ್ನು ದಿನವಿಡೀ ಮುದ್ರಿಸಿಕೊಂಡರು. ಯಾವ ಬೆರಳು ಎಷ್ಟು ಒತ್ತಿತು, ಎಷ್ಟು ಬಿಸಿಯಿತ್ತು, ಎಲ್ಲಿ ಸರಿಯಿತು ಎಲ್ಲವೂ. ಆಮೇಲೆ ಅದನ್ನೇ ಈ ಬೂದು ಗವಸು ಮಾಡಿ ತೋರಿಸುತ್ತದೆ. ಒಳಗೆ ಸಾಸಿವೆಗಿಂತ ಸಣ್ಣ ಗಾಳಿಗುಳ್ಳೆಗಳು, ಉಗುರುಬೆಚ್ಚನೆಯ ನೀರು. ರೋಗಿಯ ಕೈಯನ್ನು ಯಾರೋ ಹಿಡಿದಂತೆಯೇ ಇರುತ್ತದೆ.

ಹನ್ನೆರಡು ಕೈಗಳಲ್ಲಿ ಮೂರನೆಯದಾಗಿ ಮುದ್ರಿಸಿಕೊಂಡ ನೀಲಾಂಬಿಕಾಳ ಕೈ ಎಲ್ಲಕ್ಕಿಂತ ಚೆನ್ನಾಗಿ ಕೆಲಸ ಮಾಡಿತು. ರೋಗಿಯ ಹಣೆಯ ಪಟ್ಟಿ, ಮಣಿಕಟ್ಟಿನ ಪಟ್ಟಿ ಸೇರಿ ಎದೆಬಡಿತ, ಬೆವರು, ಮುಖದ ಸ್ನಾಯುಗಳ ಬಿಗಿತ ಎಲ್ಲವನ್ನೂ ಅಳೆದು ಸೊನ್ನೆಯಿಂದ ಹತ್ತರ ತನಕ ಒಂದು ಅಂಕಿ ಕೊಡುತ್ತಿದ್ದವು. ಅದಕ್ಕೆ ತಳಮಳದ ಅಂಕಿ ಎನ್ನುತ್ತಿದ್ದರು. ಮೂರನೆಯ ಕೈ ಎಂಥವರ ತಳಮಳವನ್ನೂ ಎರಡು ಮೂರಕ್ಕೆ ಇಳಿಸುತ್ತಿತ್ತು. ಈಗ ಎಷ್ಟೋ ಊರಿನ ಆಸ್ಪತ್ರೆಗಳಲ್ಲಿ ಜನ ಅವಳ ಕೈ ಹಿಡಿದುಕೊಂಡೇ ಸಾಯುತ್ತಿದ್ದರು. ಅವಳಿಗೆ ಅವರ ಹೆಸರೂ ಗೊತ್ತಿಲ್ಲ.

ಆ ಸಂಗತಿಯನ್ನು ಅವಳು ಮನೆಯಲ್ಲಿ ಹೆಮ್ಮೆಯಿಂದ ಹೇಳಿದ ದಿನ ಬಸಲಿಂಗವ್ವ ಒಲೆಯ ಮುಂದಿನಿಂದ ತಲೆಯೆತ್ತದೆಯೇ ಅಂದಿದ್ದಳು: "ಊರ ಮಂದೀದೆಲ್ಲಾ ಕೈ ಹಿಡೀತಿ. ನನ್ನ ಕೈ ಹಿಡೀಲಾಕ ನಿನಗ ಹೊತ್ತ ಸಿಗೂದಿಲ್ಲ ನೋಡ."

ಹಿಡಿಯುತ್ತೇನೆ, ನೋಡುತ್ತಿರಿ ಎಂದು ನೀಲಾಂಬಿಕಾ ಅಂದು ಮನಸ್ಸಿನಲ್ಲೇ ಹಟ ತೊಟ್ಟಿದ್ದಳು. ಈಗ ಕಿಡ್ನಿ ಕೈಕೊಟ್ಟು, ಮಾತು ನಿಂತು, ಐದು ದಿನದಿಂದ ಬಸಲಿಂಗವ್ವ ಇದೇ ವಾರ್ಡಿನ ಒಂಬತ್ತನೆಯ ಮಂಚದಲ್ಲಿದ್ದಳು. ಡಾಕ್ಟರು ಇವತ್ತೋ ನಾಳೆಯೋ ಎಂದಿದ್ದರು. ಸೊಸೆಗೆ ಹೊತ್ತು ಬೇಕಾದಷ್ಟಿತ್ತು, ರಜೆಯೂ ಸಿಕ್ಕಿತ್ತು. ಕೈ ಹಿಡಿದರೆ ಏಳು.

ಅಂಕಿ ಆರನ್ನು ದಾಟಿ ಇಪ್ಪತ್ತು ನಿಮಿಷ ನಿಂತರೆ ನಿದ್ದೆಯ ಚುಚ್ಚುಮದ್ದು ಕೊಡಬೇಕೆಂಬುದು ವಾರ್ಡಿನ ನಿಯಮ. ಈ ಹಂತದಲ್ಲಿ ಆ ನಿದ್ದೆಗೆ ಹೋದವರು ಎಚ್ಚರಗೊಳ್ಳುವುದಿಲ್ಲ. ನಿಯಮ ಬರೆದ ಸಮಿತಿಯಲ್ಲಿ ನೀಲಾಂಬಿಕಾಳೂ ಇದ್ದಳು.

* * *

ಬಸಲಿಂಗವ್ವನ ಖಾನಾವಳಿ ಹುಬ್ಬಳ್ಳಿಯ ಹಳೇ ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿತ್ತು. ಮೇಲೆ ಮನೆ, ಕೆಳಗೆ ಊಟ. ಹನ್ನೊಂದು ಗಂಟೆಗೆ ಸ್ನಾನಕ್ಕೆಂದು ಬಂದ ನೀಲಾಂಬಿಕಾ ಅಡುಗೆಮನೆಯ ಬಾಗಿಲಲ್ಲೇ ನಿಂತಳು. ಗಂಡ ಈರಬಸಪ್ಪ ಎಣ್ಣೆಗಾಯಿ ಬದನೆಕಾಯಿಗೆ ಗುರೆಳ್ಳು ಪುಡಿ ಉದುರಿಸುತ್ತಿದ್ದ. ಒಳಗೆ ಇಬ್ಬರು ಹೆಂಗಸರು ರೊಟ್ಟಿ ಬಡಿಯುತ್ತಿದ್ದರು. ಆ ಸದ್ದು ಇಲ್ಲದ ಮನೆಯನ್ನು ಅವಳು ಮದುವೆಯಾದಾಗಿನಿಂದ ಕಂಡಿರಲಿಲ್ಲ.

"ಅವ್ವ ಹೆಂಗದಾಳ?"

"ಎರಡು."

"ಎರಡಂದ್ರ?"

"ಗವಸ ಹಾಕಿದ್ರ ಎರಡು. ಹಾಕದಿದ್ರ ನಾಕು."

"ಮತ್ತ ನೀ ಹಿಡದ್ರ?"

ಅವಳು ಕೊಡದಿಂದ ನೀರು ತುಂಬಿಕೊಂಡು ಕುಡಿದಳು. "ಏಳು," ಎಂದಳು.

ಈರಬಸಪ್ಪನಿಗೆ ನಗು ತಡೆಯಲಾಗಲಿಲ್ಲ. ಆಮೇಲೆ ಹೆಂಡತಿಯ ಮುಖ ನೋಡಿ ನಗುವನ್ನು ಅಲ್ಲಿಗೇ ನುಂಗಿದ. "ಅವ್ವನ ಸಿಟ್ಟ ಇನ್ನೂ ಇಳದಿಲ್ಲ ಬಿಡು. ಸಾಯೂ ಹೊತ್ತಿನ್ಯಾಗೂ ಸೊಸಿನ ಗುರ್ತ ಹಿಡದಾಳ."

"ಗವಸಿನ್ಯಾಗ ಇರೂದೂ ನನ್ನ ಕೈನ ಐತಲ್ಲ?"

"ಅದು ಆಗಿನ ಕೈ. ಆಗ ನೀ ಇಷ್ಟ ಜೋರ ಇರ್ಲಿಲ್ಲ."

ಅವನು ಚೇಷ್ಟೆಗೆ ಅಂದದ್ದು. ಆದರೆ ಸ್ನಾನದ ಮನೆಯಲ್ಲಿ ತಂಬಿಗೆ ಹಿಡಿದುಕೊಂಡು ಅವಳು ಅದನ್ನೇ ಯೋಚಿಸಿದಳು. ಒಂಬತ್ತು ವರ್ಷದಲ್ಲಿ ತನ್ನ ಕೈಗೆ ಏನಾಗಿದೆ? ಆಗ ಅದರಲ್ಲಿ ಏನಿತ್ತು, ಈಗ ಏನಿಲ್ಲ? ಅಥವಾ ಈಗ ಏನೋ ಹೆಚ್ಚಾಗಿದೆಯೇ? ಅತ್ತೆಯ ಮೇಲೆ ತನಗಿರುವುದು ಪ್ರೀತಿಯೋ, ಗೆಲ್ಲಬೇಕೆಂಬ ಹಟವೋ? ಮುಚ್ಚಿದ ಕಣ್ಣಿನ ಮುದುಕಿಗೆ ಚರ್ಮದಿಂದಲೇ ಅದು ತಿಳಿಯುತ್ತದೆಯೇ? ನೀರು ತಣ್ಣಗಾಗಿತ್ತು.

* * *

ಯಂತ್ರಗಳನ್ನು ನೋಡಿಕೊಳ್ಳುವ ಕೋಣೆ ಆಸ್ಪತ್ರೆಯ ಮೂರನೆಯ ಮಹಡಿಯಲ್ಲಿತ್ತು. ಅಲ್ಲಿ ಅನಿರುದ್ಧ ಕಟ್ಟಿ ಎಂಬ ಇಂಜಿನಿಯರ್ ಎಂಟು ಪರದೆಗಳ ಮುಂದೆ ಕೂತು ಡಬ್ಬಿಯಿಂದ ಅವಲಕ್ಕಿ ತಿನ್ನುತ್ತಿದ್ದ. ನೀಲಾಂಬಿಕಾಳನ್ನು ಕಂಡು ಎದ್ದು ನಿಂತ. ಮೂರನೆಯ ಕೈಯ ಒಡತಿ ಎಂದು ಅವನಿಗೆ ಅವಳ ಮೇಲೆ ತುಸು ಭಕ್ತಿ.

"ನನ್ನ ಕೈ ತೋರಸ್ರಿ," ಎಂದಳು ಅವಳು. "ಹಳೇದೂ ತೋರಸ್ರಿ, ಇವತ್ತಿಂದೂ ತೋರಸ್ರಿ."

ರೋಗಿಯ ಕೈಯನ್ನು ಯಾರು ಹೇಗೆ ಹಿಡಿದರೆಂಬುದನ್ನೂ ಮಣಿಕಟ್ಟಿನ ಪಟ್ಟಿ ಬರೆದಿಡುತ್ತಿತ್ತು. ಅವನು ಪರದೆಯ ಮೇಲೆ ಎರಡು ಕೈಗಳನ್ನು ಅಕ್ಕಪಕ್ಕ ಇಟ್ಟ. ಬಿಳಿ ಗೆರೆಗಳಲ್ಲಿ ಬರೆದ ಕೈಗಳು. ಒತ್ತಡ ಬಿದ್ದಲ್ಲಿ ಕೆಂಪು. ಇವತ್ತು ಬೆಳಗಿನ ಕೈ ಪೂರ್ತಿ ಕೆಂಪಗಿತ್ತು, ಅಲುಗದೆ ಬಿಗಿಯಾಗಿ ಹಿಡಿದುಕೊಂಡಿತ್ತು. ಹಳೆಯ ಕೈ ಬಹುತೇಕ ಬಿಳಿಯಾಗಿಯೇ ಇತ್ತು. ಅದರಲ್ಲಿ ಹೆಬ್ಬೆರಳು ಮಾತ್ರ ಒಂದು ಕೆಂಪು ಚುಕ್ಕಿಯಾಗಿ, ರೋಗಿಯ ತೋರುಬೆರಳಿನಿಂದ ಕಿರುಬೆರಳಿನ ತನಕ ಹೆಜ್ಜೆ ಇಡುತ್ತ ಹೋಗಿ, ಮತ್ತೆ ಮೊದಲಿಗೆ ಬಂದು ನಡೆಯುತ್ತಿತ್ತು.

"ಇದಽ ನೋಡ್ರಿ ಸಿಸ್ಟರ, ಇದರಾಗಽ ಎಲ್ಲಾ ಅದ," ಅನಿರುದ್ಧ ಉತ್ಸಾಹದಿಂದ ಹೇಳಿದ. "ಮೂರು ಸೆಕೆಂಡಿಗೆ ಒಂದು ಹೆಜ್ಜಿ. ನಡುವ ಒಮ್ಮೆ ಇದು ಬ್ಯಾಡ ಅಂತ ತಗದು ನೋಡಿದ್ವಿ, ಅರ್ಧಕ್ಕರ್ಧ ಶಕ್ತೀನಽ ಹೋತು. ಇದಕ್ಕ ನಾವು ಲಾಲಿಲಯ ಅಂತ ಹೆಸರಿಟ್ಟೇವಿ. ತಾಯಿ ಕೂಸಿನ ಬೆನ್ನು ತಟ್ಟೋ ಹಂಗ. ಇದರ ಮ್ಯಾಲ ಎರಡು ಪ್ರಬಂಧ ಬಂದಾವ."

ನೀಲಾಂಬಿಕಾ ಆ ಚುಕ್ಕಿಯನ್ನೇ ನೋಡಿದಳು. ಮೂರು ಸೆಕೆಂಡಿಗೊಂದು. ನಿಮಿಷಕ್ಕೆ ಇಪ್ಪತ್ತು.

"ಲಾಲೀನೂ ಅಲ್ಲ ಪಾಲೀನೂ ಅಲ್ಲ," ಎಂದಳು. "ನಾ ಸಲೈನ್ ಹನಿ ಎಣಸಾಕತ್ತಿದ್ದೆ."

"ಆಂ?"

"ಅವತ್ತ ಹನಿ ಬಿಡೂ ಮಷಿನ್ ಕೆಟ್ಟಿತ್ತು. ಬಲಗೈ ಸಲೈನಿನ ಗಾಲಿ ಮ್ಯಾಲ, ಎಡಗೈ ಪೇಶಂಟಿನ ಕೈಯಾಗ, ಕಣ್ಣು ಹನಿ ಮ್ಯಾಲ. ನನ್ನ ಬೆರಳಿನ ಗೆರಿ ಎಣಸಾಕ ಕೈ ಖಾಲಿ ಇರ್ಲಿಲ್ಲ. ಅದಕ್ಕ ಅವರ ಬೆರಳಿನ ಗೆರಿ ಎಣಸಿದೆ. ಖರೇ ಹೇಳ್ಬೇಕಂದ್ರ ಅವರ ಮಾರಿ ಸುದ್ದಾ ನನಗ ನೆನಪಿಲ್ಲ."

ಅನಿರುದ್ಧ ಅವಲಕ್ಕಿಯ ಡಬ್ಬಿಯ ಮುಚ್ಚಳ ಹಾಕಿದ. ತೆಗೆದ. ಮತ್ತೆ ಹಾಕಿದ. "ಅಂದ್ರ ಇಷ್ಟ ಮಂದಿಗೆ ಸಮಾಧಾನ ಆಗಿದ್ದು..."

"ನನಗೂ ತಿಳೀವಲ್ದು ನೋಡ್ರಿ."

ತಿಳಿಯುವುದಾದರೂ ಹೇಗೆ? ಅಕ್ಕರೆಯಿಂದ ಹಿಡಿದ ಕೈ ನೋಯಿಸುತ್ತಿದೆ, ಲಕ್ಷ್ಯವೆಲ್ಲ ಬೇರೆಡೆಯಿದ್ದ ಕೈ ಸಂತೈಸುತ್ತಿದೆ. ಸಾಯುವವರಿಗೆ ಬೇಕಾಗಿರುವುದು ಪಕ್ಕದಲ್ಲಿ ಕೂತು ಅಳುವವರಲ್ಲ, ತಮ್ಮ ಪಾಡಿಗೆ ತಾವು ಕೆಲಸ ಮಾಡುವವರು ಎಂದೇ? ಹಾಗಾದರೆ ಇಷ್ಟು ವರ್ಷ ಹುಡುಗಿಯರಿಗೆ ತಾನು ಕಲಿಸಿದ್ದೆಲ್ಲ ಏನು?

"ಇನ್ನೊಂದದ," ಅನಿರುದ್ಧ ಹಿಂಜರಿಯುತ್ತ ಹೇಳಿದ. "ತಪ್ಪ ತಿಳೀಬ್ಯಾಡ್ರಿ. ನೀವು ಹಿಡದಾಗ ನಿಮ್ಮ ಅತ್ತಿಯವರು ಬಿಡಿಸಿಕೊಳ್ಳಾಕ ನೋಡ್ಯಾರ."

ಅವನು ಬಸಲಿಂಗವ್ವನ ಕೈಯನ್ನು ಪರದೆಗೆ ತಂದ. ಅದರ ಹೆಬ್ಬೆರಳು ಸೊಸೆಯ ಬಿಗಿಮುಷ್ಟಿಯೊಳಗೆ ಒದ್ದಾಡುತ್ತಿತ್ತು. ಮುಂದಕ್ಕೆ ಒತ್ತುತ್ತಿತ್ತು, ದಾರಿ ಸಿಗದೆ ನಿಲ್ಲುತ್ತಿತ್ತು, ಮತ್ತೆ ಒತ್ತುತ್ತಿತ್ತು. ನೀಲಾಂಬಿಕಾ ಕಣ್ಣು ತೆಗೆಯಲಿಲ್ಲ. ಬಿಡಿಸಿಕೊಳ್ಳುವ ಬೆರಳು ಹೊರಕ್ಕೆ ಎಳೆಯಬೇಕು. ಇದು ಒಳಕ್ಕೆ ಬರುತ್ತಿತ್ತು. ಒಂದೊಂದು ಸಲವೂ ಅವಳ ತೋರುಬೆರಳಿನ ಒಂದೇ ಜಾಗಕ್ಕೆ.

ಅವಳು ತನ್ನ ಎಡಗೈಯನ್ನು ತಿರುಗಿಸಿ ಬೆರಳಿನ ಗೆರೆಗಳನ್ನು ನೋಡಿದಳು. ಅಲ್ಲಿ ಹಿಟ್ಟು ಮೆತ್ತಿದಂತೆನಿಸಿತು.

ಮದುವೆಯಾಗಿ ಬಂದ ಹೊಸತು. ಖಾನಾವಳಿಯಲ್ಲಿ ಮಧ್ಯಾಹ್ನದ ಗದ್ದಲ. ಬಸಲಿಂಗವ್ವನಿಗೆ ಓದು ಬರಹವಿಲ್ಲ, ಎರಡು ಅಂಗೈಯೂ ರೊಟ್ಟಿಯ ಮೇಲೆ. "ನನ್ನ ಕೈಯಾಗ ಎಣಿಕಿ ನಿಲ್ಲಂಗಿಲ್ಲ, ರೊಟ್ಟಿ ಬಡದ ಕೂಡ್ಲೆ ಉದುರಿ ಹೋಗ್ತೈತಿ. ಕೈ ಕೊಡ ಇಲ್ಲೆ," ಎಂದು ಹೊಸ ಸೊಸೆಯನ್ನು ಪಕ್ಕದಲ್ಲಿ ನಿಲ್ಲಿಸಿಕೊಳ್ಳುತ್ತಿದ್ದಳು. ಹಂಚಿನಿಂದ ಒಂದು ರೊಟ್ಟಿ ಇಳಿದರೆ ಸೊಸೆಯ ಬೆರಳಿನ ಒಂದು ಗೆರೆಯ ಮೇಲೆ ಹಿಟ್ಟಿನ ಹೆಬ್ಬೆರಳಿನ ಒತ್ತು. ಹನ್ನೆರಡು ಗೆರೆ ತುಂಬಿದರೆ ಒಂದರ ಮೇಲೊಂದು ಪೇರಿಸಿದ ರೊಟ್ಟಿಯ ಒಂದು ಥಪ್ಪಿ. ನಡುವೆ ಯಾರಾದರೂ ಕರೆದು ಏಳಬೇಕಾಗಿ ಬಂದರೆ, "ಹಿಡ್ಕೋ, ತಪ್ಪಬ್ಯಾಡ," ಎಂದು ಹೋಗುವಳು. ಅತ್ತೆ ಬರುವ ತನಕ ಸೊಸೆ ತನ್ನ ಹೆಬ್ಬೆರಳನ್ನು ಆ ಗೆರೆಯ ಮೇಲಿಂದ ಕದಲಿಸದೆ ನಿಲ್ಲಬೇಕು. ಆಸ್ಪತ್ರೆಯ ಕೆಲಸ ಸಿಗುವ ತನಕ ಎರಡು ವರ್ಷ ನೀಲಾಂಬಿಕಾ ಹಾಗೆ ನಿಂತಿದ್ದಳು. ಆಮೇಲೆ ಅದನ್ನು ಮರೆತೂ ಬಿಟ್ಟಿದ್ದಳು. ಕೈ ಮರೆತಿರಲಿಲ್ಲವೇನೋ. ಇನ್ನೊಬ್ಬರ ಬೆರಳಿನ ಮೇಲೆ ಎಣಿಸುವುದನ್ನು ಅವಳಿಗೆ ಯಾವ ನರ್ಸಿಂಗ್ ಶಾಲೆಯೂ ಕಲಿಸಿರಲಿಲ್ಲ.

ಹಾಗಾದರೆ ಮೂರನೆಯ ಕೈ ಯಾರದು?

* * *

ವಾರ್ಡಿಗೆ ಬಂದಾಗ ಒಂದು ಗಂಟೆ. ನೀಲಾಂಬಿಕಾ ಅತ್ತೆಯ ಕೈಯಿಂದ ಗವಸನ್ನು ಕಳಚಿದಳು. ಸ್ಟೂಲನ್ನು ಎಳೆದು ಕೂತು, ತನ್ನ ಎಡಗೈಯನ್ನು ಅಂಗಾತ ಮಾಡಿ ಅತ್ತೆಯ ಬಲಗೈಯ ಕೆಳಗೆ ಸುಮ್ಮನೆ ಇಟ್ಟಳು. ಹಿಡಿಯಲಿಲ್ಲ.

ಹೊದಿಕೆಯನ್ನು ತಡವುತ್ತಿದ್ದ ಕೈ ಅವಳ ಕೈಯನ್ನೂ ತಡವಿತು. ಹೆಬ್ಬೆರಳು ತೋರುಬೆರಳಿನ ತುದಿಗೆರೆಗೆ ಬಂದು ಕೂತಿತು. ಒತ್ತಿತು. ತುಸು ಹೊತ್ತು ಬಿಟ್ಟು ಎರಡನೆಯ ಗೆರೆ. ಆಮೇಲೆ ಮೂರನೆಯದು.

ಪರದೆಯ ಮೇಲೆ ಏಳು.

ರೇಷ್ಮಾ ಓಡಿ ಬಂದಳು. "ಅಕ್ಕಾರ, ಎರಡ ಇತ್ತಲ್ರಿ, ಗವಸ ಯಾಕ ತಗದ್ರಿ? ಇಪ್ಪತ್ತ ನಿಮಿಷ ಆತಂದ್ರ ನಾ ಇಂಜೆಕ್ಷನ್ ಕೊಡಬೇಕಾಗ್ತೈತಿ."

"ಗೊತ್ತೈತಿ ರೇಷ್ಮಾ. ಆ ರೂಲ್ ಬರದಾಕಿ ನಾನ. ಮೊದಲ ಅವರ ಕಾಲ ತಗದ ನೋಡ."

"ಕಾಲ?"

"ಕಾಲ್ಬೆರಳ ನೋಡವಾ. ಈ ಪಟ್ಟಿ ಗಿಟ್ಟಿ ಬರೂಕಿಂತ ಮೊದಲ ನಾವು ಏನ ನೋಡ್ತಿದ್ವಿ? ನೋವಿದ್ರ ಕಾಲ್ಬೆರಳ ಮಡಚಿರ್ತಾವ."

ರೇಷ್ಮಾ ಹೊದಿಕೆ ಸರಿಸಿದಳು. ಬಸಲಿಂಗವ್ವನ ಕಾಲ್ಬೆರಳುಗಳು ಸಡಿಲವಾಗಿ, ಒಂದಕ್ಕೊಂದು ದೂರ ಇದ್ದವು. ಉಸಿರು ಜೋರಾಗಿತ್ತು, ಆದರೆ ನರಳಾಟವಿರಲಿಲ್ಲ. ಹುಬ್ಬಿನ ನಡುವೆ ಮಾತ್ರ ಗಂಟಿತ್ತು. ರೇಷ್ಮಾ ಮುಖ ನೋಡಿದಳು, ಪರದೆ ನೋಡಿದಳು, ಕಾಲು ನೋಡಿದಳು. ಮೂರೂ ಮೂರು ಮಾತು ಹೇಳುತ್ತಿದ್ದವು.

"ನನಗ ಏನೂ ತಿಳೀವಲ್ದ್ರಿ ಅಕ್ಕಾರ."

"ನನಗೂ ಅಷ್ಟ. ನೀ ಅವರ ಮಗಗ ಫೋನ್ ಹಚ್ಚು."

ಈರಬಸಪ್ಪ ಸೊಂಟದ ಟವೆಲ್ಲನ್ನೂ ಬಿಚ್ಚದೆ ಬಂದ. ಮೈಯಿಂದ ಒಗ್ಗರಣೆಯ ವಾಸನೆ. ಬಂದವನೇ ಪರದೆಯ ಅಂಕಿ ನೋಡಿ ಹೌಹಾರಿದ.

"ಏಳೈತಲ್ಲ! ಮತ್ತ ಸುಮ್ನ ಕುಂತೀರಿ?"

"ಹದಿನೆಂಟ ನಿಮಿಷ ಆತ್ರಿ," ಎಂದಳು ರೇಷ್ಮಾ.

"ಚುಚ್ಚಿಬಿಡ್ರಿ ಹಂಗಾರ. ಏ ನೀಲಾ, ಯಾಕ ಹಟಾ ಮಾಡ್ತಿ? ಅವ್ವ ನಿನ್ನ ಕೈಯಾಗ ಸಾಯ್ಬೇಕಂತ ಆಕಿನ್ನ ನರಳಸ್ತೀಯೇನ?"

ಆ ಮಾತು ನೀಲಾಂಬಿಕಾಳಿಗೆ ನೇರವಾಗಿ ತಾಗಿತು. ಏಕೆಂದರೆ ಅದೇ ಪ್ರಶ್ನೆಯನ್ನು ಅವಳು ಒಳಗೆ ಕೇಳಿಕೊಳ್ಳುತ್ತಿದ್ದಳು. ಅಂಕಿ ಸುಳ್ಳಲ್ಲ. ಮುದುಕಿಯ ಎದೆ ಬಡಿದುಕೊಳ್ಳುತ್ತಿತ್ತು, ಹಣೆ ಬೆವರಿತ್ತು. ಗವಸು ಹಾಕಿದರೆ ಎರಡಕ್ಕೆ ಇಳಿದು ತಣ್ಣಗೆ ಮಲಗುತ್ತಾಳೆ. ತನ್ನ ಕೈಯಲ್ಲಿ ಏಳು. ಒಳ್ಳೆಯ ಸಾವು ಎಂದರೆ ಎರಡು ಎಂದು ತಾನೇ ನೂರು ಸಲ ಹೇಳಿದ್ದಳು. ಬೇರೆಯವರ ಅತ್ತೆಯಾಗಿದ್ದರೆ ಇಷ್ಟು ಹೊತ್ತಿಗೆ ಏನು ಮಾಡುತ್ತಿದ್ದಳೆಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು.

"ನಿಮ್ಮವ್ವನ ಕೈ ನೋಡ್ರಿ," ಎಂದಳು. "ಒಂದ ನಿಮಿಷ ನೋಡ್ರಿ. ಆಮ್ಯಾಲ ನೀವು ಹೆಂಗ ಹೇಳ್ತೀರಿ ಹಂಗ."

ಈರಬಸಪ್ಪ ಬಗ್ಗಿದ. ತಾಯಿಯ ಹೆಬ್ಬೆರಳು ಹೆಂಡತಿಯ ಉಂಗುರಬೆರಳನ್ನು ದಾಟಿ ಕಿರುಬೆರಳಿಗೆ ಬಂತು. ಒಂದು, ಎರಡು, ಮೂರು. ಮುಗಿದೊಡನೆ ಅಂಗೈ ಒಮ್ಮೆ ಹಾಸಿಗೆಯನ್ನು ಮೆಲ್ಲಗೆ ತಟ್ಟಿತು. ಥಪ್ಪಿ ತುಂಬಿದಾಗ ರೊಟ್ಟಿಯ ಮೇಲೆ ಅರಿವೆ ಮುಚ್ಚಿ ತಟ್ಟುವುದು ಹಾಗೆಯೇ. ಮತ್ತೆ ತೋರುಬೆರಳಿನಿಂದ ಮೊದಲು.

ಅವನು ಗೋಡೆಯ ಗಡಿಯಾರ ನೋಡಿದ. ಒಂದೂ ಇಪ್ಪತ್ತೈದು. ಖಾನಾವಳಿಯಲ್ಲಿ ಜಾಗ ಸಿಗದೆ ಜನ ಬಾಗಿಲಲ್ಲಿ ನಿಲ್ಲುವ ಹೊತ್ತು.

"ರೊಟ್ಟಿ ಎಣಸಾಕತ್ತಾಳ," ಎಂದ.

"ಹಂಗಂತ ನನಗೂ ಅನಸ್ತು. ಅಲ್ಲದನೂ ಇರಬಹುದು."

"ಈ ಏಳು ಅಂದ್ರ ತ್ರಾಸೋ, ದುಡಿಮಿಯೋ?"

"ಮಷಿನ್ನಿಗೆ ಎರಡೂ ಒಂದ. ಎದಿ ಬಡಕೊಂಡ್ರ, ಬೆವರ ಬಂದ್ರ ಅದು ತಳಮಳ ಅಂತನ ಬರೀತೈತಿ." ನೀಲಾಂಬಿಕಾ ಗಂಡನ ಕಡೆ ತಿರುಗಿ ಹೇಳಿದಳು, "ನೀವು ಹೇಳ್ರಿ. ನಿಮ್ಮವ್ವ ಮಧ್ಯಾಹ್ನ ಒಂದ ಗಂಟೇಕ, ಎಂದರ ಈ ಎರಡರ ಅಂಕಿ ಹಂಗ ತಣ್ಣಗ ಇದ್ದಿದ್ದ ನೋಡೀರೇನು?"

ಅವನು ನಗಲು ಹೋದ, ಅದು ಅಳುವಾಯಿತು. ಟವೆಲ್ಲಿನಿಂದ ಮುಖ ಒರೆಸಿಕೊಂಡು ತಾಯಿಯ ಕಿವಿಯ ಹತ್ತಿರ ಬಗ್ಗಿದ. "ಅವ್ವಾ, ಹೊರಗ ಇನ್ನೂ ಹದಿನೈದ ಮಂದಿ ಅದಾರ. ಸಾವಕಾಶ ಮಾಡು. ಪಲ್ಯಾ ಸಾಕಾಗ್ತೈತಿ."

ಬಸಲಿಂಗವ್ವ ಕೇಳಿಸಿಕೊಂಡಳೋ ಇಲ್ಲವೋ. ಹೆಬ್ಬೆರಳು ತನ್ನ ದಾರಿಯಲ್ಲಿ ನಡೆಯಿತು.

ಇಪ್ಪತ್ತು ನಿಮಿಷ ದಾಟಿತ್ತು. ರೇಷ್ಮಾ ಸಿರಿಂಜಿನ ತಟ್ಟೆ ಹಿಡಿದು ನಿಂತೇ ಇದ್ದಳು. ನೀಲಾಂಬಿಕಾ ಡಾಕ್ಟರಿಗೆ ತಾನೇ ಫೋನ್ ಮಾಡಿ ಕಂಡದ್ದನ್ನು ಹೇಳಿದಳು: ಕಾಲ್ಬೆರಳು, ಉಸಿರು, ಕೈಯ ಎಣಿಕೆ. ನಿದ್ದೆಯ ಮದ್ದು ಬೇಡ, ನೋವಿನ ಮಾಮೂಲು ಮದ್ದು ನಡೆಯಲಿ, ಕಾಲ್ಬೆರಳು ಮಡಚಿದರೆ ಆ ಕ್ಷಣ ತಾನೇ ಕರೆಯುತ್ತೇನೆ ಎಂದಳು. ಡಾಕ್ಟರು ಉಸಿರು ನಿಮಿಷಕ್ಕೆ ಎಷ್ಟೆಂದು ಕೇಳಿದರು. ಆಮೇಲೆ, ನಿಮ್ಮ ಕಣ್ಣನ್ನು ನಂಬುತ್ತೇನೆ ಎಂದರು. ನೀಲಾಂಬಿಕಾಳಿಗೆ ತನ್ನ ಕಣ್ಣನ್ನು ತಾನು ಅಷ್ಟು ನಂಬಲು ಆಗಲಿಲ್ಲ.

"ಇಲ್ಲೆ ಏನ ಬರೀಲ್ರಿ?" ರೇಷ್ಮಾ ಚಾರ್ಟನ್ನು ಮುಂದೆ ಹಿಡಿದಳು.

"ಏಳು ಅಂತ ಬರಿ. ಬಾಜೂಕ, ಕೆಲಸದಾಗ ಅದಾರ ಅಂತ ಬರಿ."

"ಈ ಕಾಲಂನ್ಯಾಗ ಬರೇ ಅಂಕಿ ತೊಗೋತಾರ್ರಿ."

"ಹಂಗಾರ ಹೊಸಾ ಕಾಲಂ ಹೊಡಿ."

ರೇಷ್ಮಾ ಸ್ಕೇಲಿಲ್ಲದೆ, ಪೆನ್ನಿನಿಂದ ಒಂದು ಸೊಟ್ಟ ಗೆರೆ ಎಳೆದಳು.

ಥಪ್ಪಿಯ ಮೇಲೆ ಥಪ್ಪಿ ತುಂಬುತ್ತ ಹೋಯಿತು. ಈರಬಸಪ್ಪ ಐದರ ತನಕ ಎಣಿಸಿ ಬಿಟ್ಟ. ನೀಲಾಂಬಿಕಾಳ ಎಡಗೈ ಜೋಮು ಹಿಡಿದಿತ್ತು. ನಡುವೆ ಒಮ್ಮೆ ಅವಳಿಗೆ ಹೊಳೆಯಿತು: ಗವಸಿನೊಳಗೆ ಇದ್ದಾಗ ಅತ್ತೆಯ ಬೆರಳಿನ ಮೇಲೆ ಬೇರೆ ಯಾರೋ ಎಣಿಸುತ್ತಿದ್ದರು. ಬಹುಶಃ ಅಲ್ಲಿ ಬಸಲಿಂಗವ್ವ ಯಾರದೋ ಎಳೆಯ ಸೊಸೆ, ಕೈ ಕೊಟ್ಟು ನಿಂತರೆ ಸಾಕು, ಒಲೆ ಇನ್ನೊಬ್ಬರದು. ಅದು ಸುಖವಲ್ಲವೆಂದು ಹೇಗೆ ಹೇಳುವುದು? ಸುಖವನ್ನು ತೆಗೆದು ಮತ್ತೆ ಒಲೆಯ ಮುಂದೆ ಕೂರಿಸಿದೆನೇ? ಕೇಳೋಣವೆಂದರೆ ಮಾತಿಲ್ಲ. ಇರುವುದೊಂದು ಹೆಬ್ಬೆರಳು, ಅದಕ್ಕೆ ಪುರಸೊತ್ತಿಲ್ಲ.

ಎರಡೂಮುಕ್ಕಾಲರ ಹೊತ್ತಿಗೆ ಹೆಜ್ಜೆಗಳು ದೂರದೂರವಾದವು. ತೋರುಬೆರಳು ಮುಗಿಯಿತು. ನಡುಬೆರಳು ಮುಗಿಯಿತು. ಉಂಗುರಬೆರಳಿನ ಎರಡನೆಯ ಗೆರೆಯ ಮೇಲೆ ಹೆಬ್ಬೆರಳು ಬಂದು ಕೂತಿತು, ಒತ್ತಿತು, ಮುಂದೆ ಹೋಗಲಿಲ್ಲ. ನೀಲಾಂಬಿಕಾ ಕಾದಳು. ಪರದೆಯ ಅಂಕಿ ಯಾವಾಗ ಇಳಿಯಿತು, ಯಾವಾಗ ಬರಿಯ ಅಡ್ಡಗೆರೆಯಾಯಿತು ಎಂಬುದನ್ನು ಅವಳು ನೋಡಲಿಲ್ಲ. ರೇಷ್ಮಾ ಮಣಿಕಟ್ಟು ಹಿಡಿದು ನೋಡಿ, ಎದೆಗೆ ಸ್ಟೆತಸ್ಕೋಪ್ ಇಟ್ಟು ಕೇಳಿ, ಮೆಲ್ಲಗೆ ತಲೆಯಾಡಿಸಿದಳು. ಈರಬಸಪ್ಪ ತಾಯಿಯ ಪಾದದ ಮೇಲೆ ಹಣೆಯಿಟ್ಟ.

ಅತ್ತೆಯ ಹೆಬ್ಬೆರಳನ್ನು ಮೆಲ್ಲಗೆ ಎತ್ತಿ ಪಕ್ಕಕ್ಕಿಟ್ಟ ನೀಲಾಂಬಿಕಾ, ಅದು ಕೂತಿದ್ದ ಗೆರೆಯ ಮೇಲೆ ಅದೇ ಎಡಗೈಯ ತನ್ನ ಹೆಬ್ಬೆರಳನ್ನು ಒತ್ತಿಕೊಂಡಳು.

ಆಮೇಲೆ ಎಷ್ಟೋ ಕೆಲಸವಿತ್ತು. ಪಟ್ಟಿಗಳನ್ನು ಬಿಚ್ಚಬೇಕು, ಮುಖ ಒರೆಸಬೇಕು, ಹೊತ್ತು ಬರೆಯಬೇಕು. ರೇಷ್ಮಾ ಕಾಗದ ತಂದಳು. ನೀಲಾಂಬಿಕಾ ಬಲಗೈಯೊಂದರಲ್ಲೇ ಎಲ್ಲ ಮಾಡಿದಳು, ಬಲಗೈಯಿಂದಲೇ ಸಹಿ ಹಾಕಿದಳು.

"ಎಡಗೈಗೆ ಏನಾತ್ರಿ ಅಕ್ಕಾರ?" ರೇಷ್ಮಾ ಕೇಳಿದಳು.

"ಏನಿಲ್ಲ," ಎಂದಳು ನೀಲಾಂಬಿಕಾ. "ಹಿಡಕೊಂಡೇನಿ."